ನೂರರಿಂದ ಮೇಲಕ್ಕೆ

ಫೆಬ್ರವರಿ 9, ಬೆಳಿಗ್ಗೆ 10

ಇಂದು ಪಂಡಿತರ ಮತದ ಹದಿನಾಲ್ಕು ಲಕೋಟೆ. ಒಟ್ಟು ತೊಂಬತ್ತೊಂದು. ಇನ್ನೂ ಇಪ್ಪತ್ತೊಂಬತ್ತು ಬರಬೇಕು. ಒಡೆಯುವುದು, ಹತ್ತು ಹೆಸರು ಓದುವುದು, ಗೆರೆ ಎಳೆದ ಹಾಳೆಯಲ್ಲಿ ಅಂಕ ತುಂಬುವುದು. ಮೊದಲನೆಯದಕ್ಕೆ ಹತ್ತು, ಹತ್ತನೆಯದಕ್ಕೆ ಒಂದು. ‘ಸಾರ್ವಕಾಲಿಕ ನೂರು ಶ್ರೇಷ್ಠ ಚಿತ್ರಗಳು’ — ಹತ್ತು ವರ್ಷಕ್ಕೊಮ್ಮೆ ನನ್ನ ಪತ್ರಿಕೆಯ ದೊಡ್ಡ ಸಂಚಿಕೆ. ಇದು ನಾಲ್ಕನೆಯ ಸಲ. ಪ್ರತಿ ಸಲವೂ ಸಾರ್ವಕಾಲಿಕವೇ. ಹತ್ತೇ ವರ್ಷಕ್ಕೆ ಹೇಗೆ ಬದಲಾಯಿತು ಅಂತ ಇದುವರೆಗೆ ಒಬ್ಬನೂ ಕೇಳಿಲ್ಲ.

ಜೊತೆಗೆ ಇನ್ನೆರಡು ಪಟ್ಟಿ. ಹೆಚ್ಚು ಜನ ನೋಡಿದ್ದು, ಹೆಚ್ಚು ವಾರ ಓಡಿದ್ದು. ಮೂರರಲ್ಲೂ ಇರುವ ಚಿತ್ರ ಒಂದೇ, ಅದೂ ನಾಯಿಯದು. ಪಂಡಿತರ ಪಟ್ಟಿಯಲ್ಲಿ ಮೊದಲಿರುವುದು ರೈಲಿನ ಸಿನಿಮಾ. ಅದನ್ನು ಎಚ್ಚರವಿದ್ದು ಪೂರ್ತಿ ನೋಡಿದವರು ನಮ್ಮ ಆಫೀಸಿನಲ್ಲಿ ಇಲ್ಲ. ಪ್ರೂಫ್ ನೋಡುವಾಕೆ ಹೇಳಿದಳು: “ಇಂಟರ್ವಲ್ ತನಕ ಕೂತಿದ್ದೆ ಸರ್. ರೈಲು ಹೊರಡ್ಲೇ ಇಲ್ಲ, ನಾನೇ ಹೊರಟೆ.”

ಭಾವನ ಮತ ಇನ್ನೂ ಬಂದಿಲ್ಲ.

ಫೆಬ್ರವರಿ 12

ಊಟಕ್ಕೆ ಕೂತರೆ ಹೆಂಡತಿಯದು ಒಂದೇ ಪ್ರಶ್ನೆ. “ರೀ, ಅಣ್ಣಂದು ಎಷ್ಟಾಯ್ತು?” ಮ್ಯಾಚಿನ ಸ್ಕೋರ್ ಕೇಳುವ ಹಾಗೆ.

“ಹದಿನೇಳು.”

“ಸಾಕಾಗತ್ತಾ?”

“ಹೋದ ಸಲ ಮೂವತ್ತೊಂದಕ್ಕೆ ನೂರನೇ ಸ್ಥಾನ ಸಿಕ್ಕಿತ್ತು.”

ಅವಳಣ್ಣ, ನನ್ನ ಭಾವ, ಒಂದೇ ಸಿನಿಮಾ ಮಾಡಿದವರು. ಲಾಂಡ್ರಿಯದು. ಆ ನೂರನೇ ಸ್ಥಾನವನ್ನು ಹತ್ತು ವರ್ಷ ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡಿದರು. ಈಗ ಓಡಾಟವಿಲ್ಲ. ಮಂಚ, ಮೂಗಿಗೆ ನಳಿಕೆ, ಹಗಲಿಗೊಬ್ಬ ನರ್ಸ್. ಡಾಕ್ಟರ್ ತಿಂಗಳುಗಳ ಲೆಕ್ಕದಲ್ಲಿ ಮಾತಾಡುತ್ತಾರೆ.

ಈ ಸಲ ಇನ್ನೊಂದು ಸೇರಿಕೊಂಡಿದೆ. ಪಟ್ಟಿಯ ನೂರು ಚಿತ್ರಗಳಿಗೆ ಮಾತ್ರ ಆರ್ಕೈವಿನವರು ಹೊಸ ಪ್ರತಿ ತೆಗೆಯುತ್ತಾರಂತೆ. ಲಾಂಡ್ರಿಯದಕ್ಕೆ ಉಳಿದಿರುವುದು ಒಂದೇ ನೆಗೆಟಿವ್. ಡಬ್ಬಿ ತೆರೆದರೆ ಫಿಲ್ಮ್ ಕೊಳೆಯುವ ವಿನೆಗರ್ ವಾಸನೆ. ಇನ್ನೆರಡು ವರ್ಷ ಬಿಟ್ಟರೆ ಅಂಟಾಗಿ ಹೋಗುತ್ತದೆ ಎಂದರು.

ಹೆಂಡತಿ ಅನ್ನ ಕಲಸುತ್ತಲೇ ಇದ್ದಳು. “ಹೇಗಾದ್ರೂ ಮಾಡಿ” ಅಂದಳು. ನನ್ನ ಹತ್ತಿರ ಅವಳು ಏನನ್ನೂ ಬೇಡಿದವಳಲ್ಲ.

ಫೆಬ್ರವರಿ 13

ನಿನ್ನೆ ಬರೆಯದೆ ಬಿಟ್ಟದ್ದು.

ಆ ಸಿನಿಮಾದ ಕೊನೆಯ ಎರಡು ನಿಮಿಷ — ಖಾಲಿ ಲಾಂಡ್ರಿಯಲ್ಲಿ ಒಬ್ಬ ಹುಡುಗಿ ಚಾದರ ಮಡಚುತ್ತಾಳೆ, ಅಷ್ಟೇ. ಹೊಗಳಿದವರೆಲ್ಲ ಹೊಗಳಿರುವುದು ಅದನ್ನೇ. ನಟಿ ಅಂದು ಕೈಕೊಟ್ಟಿದ್ದಳು, ಭಾವ ತಂಗಿಯನ್ನು ನಿಲ್ಲಿಸಿದರು. ನಾನು ಕ್ಯಾಮೆರಾ ಅಸಿಸ್ಟೆಂಟ್. ಕ್ಯಾಮೆರಾಮನ್ ಜ್ವರದಲ್ಲಿ ಮಲಗಿದ್ದ. ಭಾವ “ಕಟ್” ಎಂದರು. ಹುಡುಗಿ ನಿಲ್ಲಿಸಲಿಲ್ಲ, ಇನ್ನೆರಡು ಚಾದರ ಬಾಕಿ ಇದ್ದವು. ನಾನೂ ನಿಲ್ಲಿಸಲಿಲ್ಲ, ಹುಡುಗಿಯನ್ನು ನೋಡುತ್ತಿದ್ದೆ. ರೀಲು ಮುಗಿಯುವ ತನಕ.

ನಲವತ್ತು ಜನರ ಎದುರು ಕಪಾಳಕ್ಕೆ ಹೊಡೆದರು. ಆಮೇಲೆ ಎಡಿಟಿಂಗಿನಲ್ಲಿ ಅದನ್ನೇ ಪೂರ್ತಿ ಇಟ್ಟುಕೊಂಡರು. ಟೈಟಲ್ ಕಾರ್ಡಿನಲ್ಲಿ ಟೀ ತಂದವನ ಹೆಸರೂ ಇದೆ. ನನ್ನದಿಲ್ಲ.

ಮುಂದೆ ಪೋಸ್ಟರ್ ಅಂಟಿಸಿದೆ, ಹಾಡಿನ ಪುಸ್ತಕ ಮಾರಿದೆ, ಬಾಯಿ ಬಂಡವಾಳದಿಂದ ಪತ್ರಿಕೆ ಕಟ್ಟಿದೆ. ಆ ಹುಡುಗಿಯನ್ನೇ ಮದುವೆಯಾದೆ. ಭಾವನಿಗೆ ನಾನು ಇಂದಿಗೂ ‘ಸ್ವಿಚ್ ಮರೆತವನು’.

ಫೆಬ್ರವರಿ 26, ಮಧ್ಯಾಹ್ನ

ನೂರಹತ್ತೊಂಬತ್ತು ಬಂದವು. ತೊಂಬತ್ತೊಂಬತ್ತು ಸ್ಥಾನ ಗಟ್ಟಿ. ನೂರನೆಯದಕ್ಕೆ ಎರಡು ಚಿತ್ರಗಳ ಜಗಳ: ಲಾಂಡ್ರಿಯದು ಇಪ್ಪತ್ತೆರಡು, ಲೈಟ್‌ಹೌಸಿನದು ಹದಿನೆಂಟು. ಬಾಕಿ ಒಂದೇ ಮತ. ಭಾವನದು. ಸ್ವಂತ ಚಿತ್ರಕ್ಕೆ ಹಾಕುವ ಹಾಗಿಲ್ಲ, ಅದು ನಿಯಮ. ಸುಮ್ಮನೆ ಬೇರೆ ಹತ್ತು ಹೆಸರು ಬರೆದರೆ ಗೆದ್ದ ಹಾಗೆ.

ಬರೆಯಲು ಕೈ ನಡುಗುತ್ತದಂತೆ. ನಾಳೆ ನಾನೇ ಹೋಗಿ ಬರೆದುಕೊಂಡು ಬರಬೇಕು.

ಫೆಬ್ರವರಿ 27

ಹೇಳುತ್ತಾ ಹೋದರು, ಬರೆಯುತ್ತಾ ಹೋದೆ. ಒಂದು, ರೈಲಿನದು. ಆರರ ತನಕ ತೊಂದರೆಯಿಲ್ಲ.

“ಏಳು... ಲೈಟ್‌ಹೌಸಿಂದು.”

ಪೆನ್ನು ನಿಂತಿತು. ಏಳನೆಯದಕ್ಕೆ ನಾಲ್ಕು ಅಂಕ. ಹದಿನೆಂಟೂ ನಾಲ್ಕೂ ಇಪ್ಪತ್ತೆರಡು.

“ಯೋಚನೆ ಮಾಡಿ ಹೇಳಿ ಭಾವ. ಏಳನೆಯದು ಅದೇನಾ?”

“ಯಾಕಯ್ಯಾ? ಸಿನಿಮಾ ಅಂತೂ ನಿನ್ ತಲೆಗೆ ಹತ್ತಲ್ಲ. ಅಕ್ಷರ ಬರುತ್ತಲ್ಲ, ಬರಿ.”

ನರ್ಸ್ ಕಿಸಕ್ಕೆಂದಳು.

ಒಂದು ಮಾತು ಸಾಕಿತ್ತು. ‘ಭಾವ, ಅದು ನಿಮಗೆ ಎದುರಾಳಿ’ ಅಂತ. ಇಷ್ಟು ಮಾತಾಡಿ ಬದುಕಿದವನಿಗೆ ಅದೊಂದು ಬಾಯಿಗೆ ಬರಲಿಲ್ಲ. ದುಂಡಗೆ ಬರೆದೆ. ಸಹಿ ಹಾಕಿಸಿಕೊಂಡೆ.

ಫೆಬ್ರವರಿ 28

ಪ್ರೂಫ್ ನೋಡುವಾಕೆ ಹಾಳೆ ಹಿಡಿದು ಬಂದಳು. “ಸರ್, ನೂರನೇದು ಸಮ ಬಂದಿದೆ. ಸಮ ಬಂದ್ರೆ ಸಂಪಾದಕರ ಮತ ಅಂತ ನೀವೇ ಮಾಡಿದ ನಿಯಮ.”

“ಗೊತ್ತು.”

“ಲಾಂಡ್ರಿಯದು ಅಂತ ಕಂಪೋಸ್ ಮಾಡಿಸ್ಲಾ? ನಿಮ್ಮನೆಯವರೇ ಅಲ್ವಾ.”

“ಅದಕ್ಕೇ ಅವಸರ ಬೇಡ.”

ಮಾರ್ಚ್ 2, ಬೆಳಿಗ್ಗೆ 8

ಪೆನ್ಸಿಲಿನಲ್ಲಿ ಲಾಂಡ್ರಿಯದನ್ನು ಬರೆದೆ. ರಬ್ಬರಿನಿಂದ ಅಳಿಸಿದೆ. ಮತ್ತೆ ಬರೆದೆ. ಹಾಳೆ ಸವೆಯಿತು.

ಅದು ಹೋದರೆ ನನ್ನ ಎರಡು ನಿಮಿಷವೂ ಹೋಗುತ್ತದೆ. ಹೋಗಲಿ. ನನ್ನದು ಅಂತ ಎಲ್ಲಿ ಬರೆದಿದೆ?

ಅವಳ ಚಾದರವೂ ಹೋಗುತ್ತದೆ. ಆ ಕೈ, ಇಪ್ಪತ್ತೆರಡು ವರ್ಷದ ಆ ಕೈ...

ಮಾರ್ಚ್ 2, ಬೆಳಿಗ್ಗೆ 11

ಲೈಟ್‌ಹೌಸಿನದು. ಶಾಯಿಯಲ್ಲಿ.

ಪ್ರೂಫ್ ನೋಡುವಾಕೆ ನನ್ನ ಮುಖ ನೋಡಿದಳು. ಓದಲಿಲ್ಲ, ಪ್ರೂಫ್ ತಿದ್ದುವವಳ ಹಾಗೆ ತಪ್ಪು ಹುಡುಕಿದಳು. ಹಾಳೆ ತೆಗೆದುಕೊಂಡು ಹೋದಳು.

ಮಾರ್ಚ್ 11

“ಇದೆ ಅಲ್ವೇನ್ರೀ?”

“ಅಚ್ಚಿಗೆ ಹೋಗಿದೆ.”

“ಅಚ್ಚಿಗೆ ಹೋಗೋದು ಇದ್ದೇ ಇದೆ. ಅಣ್ಣಂದು ಇದೆಯಾ ಅಂದೆ.”

“ಸಂಚಿಕೆ ಬರಲಿ. ನೀನೇ ಓದಿ ಹೇಳು, ನಿನ್ನ ಬಾಯಿಂದ ಕೇಳಿದರೆ ಚೆನ್ನ.”

ಅವಳು ಅದನ್ನು ಹೌದು ಎಂದು ತಿಳಿದಳು. ನಾನು ಸುಳ್ಳು ಹೇಳಿಲ್ಲ. ಬೇಕಾದರೆ ಮೇಲಿನ ಸಾಲುಗಳನ್ನು ಯಾರಾದರೂ ನೋಡಬಹುದು.

ಮಾರ್ಚ್ 18, ಸಂಜೆ 5, ಭಾವನ ಮನೆಯ ಮೆಟ್ಟಿಲು

ಹೊರಗೆ ಬಂದು ಕೂತಿದ್ದೇನೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೆಂಡತಿ ಭಾವನಿಗೆ ನಿನ್ನೆಯೇ ಕ್ಷೌರ ಮಾಡಿಸಿದ್ದಳು. ಪತ್ರಿಕೆ ಬಿಡಿಸಿದಾಗ ಅವರೇ ತಂಗಿಗೆ ಹೇಳಿದರು: “ಕೆಳಗಿನಿಂದ ಓದು ಪುಟ್ಟಿ. ಹೋದ್ಸಲ ನೂರರಲ್ಲಿತ್ತು, ಹುಡುಕೋದು ಸುಲಭ.”

“ನೂರು, ಲೈಟ್‌ಹೌಸಿಂದು.” ಅವಳು ಓದಿದಳು.

ಭಾವನಿಗೆ ಖುಷಿ. “ನನ್ನ ಮತದಿಂದ ಬದುಕ್ಕೊಂತು ನೋಡು. ನಮ್ಮದು ಮೇಲೆ ಹೋಗಿದೆ, ಓದು.”

ತೊಂಬತ್ತೊಂಬತ್ತು. ತೊಂಬತ್ತೆಂಟು. ತಮ್ಮದಲ್ಲದ ಒಂದೊಂದು ಹೆಸರಿಗೂ ಅವರು ಒಂದೊಂದು ಮೆಟ್ಟಿಲು ಏರುತ್ತಿದ್ದರು. ಎಂಬತ್ತಕ್ಕೆ “ಅಬ್ಬಾ” ಎಂದರು. ಅರವತ್ತಕ್ಕೆ ಮಂಚದ ತಲೆ ಎತ್ತಿಸಿಕೊಂಡರು. ನಲವತ್ತಕ್ಕೆ ಅಂಗಿಯ ಗುಂಡಿ ಹಾಕಿಸಿಕೊಂಡರು. ನರ್ಸ್ ಕೆಲಸ ಬಿಟ್ಟು ನಿಂತಿದ್ದಳು.

ಇಪ್ಪತ್ತೈದರ ಹತ್ತಿರ ಹೆಂಡತಿಯ ಕಣ್ಣು ಪುಟದ ಮೇಲ್ತುದಿಗೆ ಹೋಗಿ ವಾಪಸ್ ಬಂತು. ನೋಡಿಬಿಟ್ಟಳು. ಆಮೇಲೆ ನನ್ನನ್ನು ನೋಡಿದಳು. ನಾನು ಕಿಟಕಿಯ ಸರಳು ಎಣಿಸುತ್ತಿದ್ದೆ. ಒಂಬತ್ತು.

ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಅವಳ ಸ್ವಭಾವವೇ ಹಾಗೆ, ಬಾಕಿ ಇದ್ದರೆ ಮುಗಿಸುತ್ತಾಳೆ. ಎರಡು, ನಾಯಿಯದು.

“ಒಂದು...” ಎಂದಳು. “ನಿಂದೇ ಅಣ್ಣಾ.”

ನರ್ಸ್ ಚಪ್ಪಾಳೆ ತಟ್ಟಿದಳು. ಭಾವ ಅತ್ತರು. ನಲವತ್ತೊಂದು ವರ್ಷದಲ್ಲಿ ನಾನು ಕಂಡಿರದ ಮುಖ, ಮಗುವಿನ ಹಾಗಿತ್ತು. ನನಗೂ ಒಳಗೆ ಏನೋ ಸಡಿಲವಾಯಿತು. ಇರಲಿ, ಅಂದುಕೊಂಡೆ. ಡಬ್ಬಿ ಕೊಳೆಯುವಾಗ ವಾಸನೆ ನೋಡಲು ಇವರಿರುವುದಿಲ್ಲ. ಕೈ ಕುಲುಕೋಣ ಎಂದು ಎದ್ದೆ. ನಿಜ, ಎದ್ದಿದ್ದೆ.

ಆಗ ಅಂದರು: “ನೋಡಿದ್ಯೇನಯ್ಯಾ? ಅವತ್ತು ನಿನ್ ಹೆಸರು ತೆಗೆಸಿದ್ದು ಎಷ್ಟು ಒಳ್ಳೇದಾಯ್ತು. ಜಗತ್ತಿನ ನಂಬರ್ ಒನ್ ಸಿನಿಮಾ, ಸ್ವಿಚ್ ಮರೆತವನಿಂದ ಆಯ್ತು ಅಂತಿದ್ರು.”

“ಕನ್ನಡಕ ಎಲ್ಲಿ ಭಾವ?” ಎಂದೆ.

“ರೀ, ಬೇಡ.” ಹೆಂಡತಿಯ ದನಿ ಮೇಲಕ್ಕೇ ಬರಲಿಲ್ಲ.

ದಿಂಬಿನ ಕೆಳಗಿತ್ತು. ಎರಡೂ ಗಾಜು ಒರೆಸಿದೆ. ಅವರ ಕಿವಿಗೆ ಸಿಕ್ಕಿಸಿದೆ. “ಕೇಳಿದ್ದು ಬೇರೆ, ಅಚ್ಚಿನಲ್ಲಿ ನೋಡೋದು ಬೇರೆ. ನೀವೇ ನೋಡಿ.” ಅವಳ ಹಿಡಿತ ಗಟ್ಟಿಯಿತ್ತು, ಪುಟದ ಮೂಲೆ ಹರಿದು ಕೈಗೆ ಬಂತು. ಮಿಕ್ಕದ್ದನ್ನು ಅವರ ಎದೆಯ ಮೇಲೆ ಬಿಡಿಸಿಟ್ಟೆ.

ಮೊದಲ ಹೆಸರಿನ ಮೇಲೆ ಬೆರಳಿಟ್ಟರು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಎರಡನೆಯದಕ್ಕೆ ಇಳಿಯಿತು. ಮೂರನೆಯದಕ್ಕೆ.

“ಪುಟ್ಟಿ, ಪುಟ ತಪ್ಪಿದ್ಯಾ ನೀನು?” ಎಂದರು. ಬೆರಳು ಇಳಿಯುತ್ತಲೇ ಇತ್ತು. ನಾನು ಹೊರಗೆ ಬಂದೆ.

ನಿಧಾನಕ್ಕೆ ಓದುವವರು, ನಿಮಿಷಕ್ಕೆ ನಾಲ್ಕು ಹೆಸರು. ನಾನಿಲ್ಲಿ ಕೂತು ಇಪ್ಪತ್ತು ನಿಮಿಷ. ಅಂದರೆ ಎಂಬತ್ತು. ಎಂಬತ್ತನಾಲ್ಕು. ಎಂಬತ್ತೆಂಟು. ಏನೋ ಬಿದ್ದ ಸದ್ದು — ಕನ್ನಡಕ ಇರಬೇಕು. ನರ್ಸ್ ಓಡಿದಳು. ಹೆಂಡತಿ ಕೂಗುತ್ತಿದ್ದಾಳೆ, ನನ್ನನ್ನಲ್ಲ, ಅಣ್ಣನನ್ನು. ತೊಂಬತ್ತೆರಡು. ತೊಂಬತ್ತ...