ಅರಳದ ಗುಂಡು

ಬೇಟ್ಸ್‌ವಿಲ್, ಆರ್ಕನ್ಸಾ
೧೪ ಅಕ್ಟೋಬರ್ ೨೦೧೯, ಸೋಮವಾರ

ಮುದ್ದು ಟ್ವೈಲಾ,

ನಿನ್ನ ಕಾಗದ ಗುರುವಾರ ಕೈಸೇರಿತು. ಹೊಸದಾಗಿ ಕೊಂಡ ಪುಟ್ಟ ಪಿಸ್ತೂಲಿಗೆ ಯಾವ ಗುಂಡು ಹಾಕಲಿ ಎಂದು ಕೇಳಿದ್ದೀಯ. ನೀನು ಬಿಟ್ಟುಬಂದ ಗಂಡ ಕರ್ಟ್ ಮೂರು ದಿನದಿಂದ ನೀನು ಕೆಲಸ ಮಾಡುವ ಆಸ್ಪತ್ರೆಯ ಎದುರು ಕಾರು ನಿಲ್ಲಿಸಿಕೊಂಡು ಕೂತಿರುತ್ತಾನೆ ಎಂಬುದನ್ನು ಮಾತ್ರ ಕೊನೆಯ ಸಾಲಿನಲ್ಲಿ, ಮಳೆ ಬಿಸಿಲಿನ ಸುದ್ದಿಯ ಹಾಗೆ ಬರೆದಿದ್ದೀಯ. ಹೀಗೆ ಬರೆಯುವುದನ್ನು ನನ್ನಿಂದಲೇ ಕಲಿತಿರಬೇಕು.

ಇಪ್ಪತ್ತೆರಡು ವರ್ಷ ಬಂದೂಕಿನಂಗಡಿಯಲ್ಲಿ ನಿಂತವಳು ನಾನು. ಡಬ್ಬಿಯ ಮೇಲಿನ ಮಾತನ್ನು ನಂಬುವುದಿಲ್ಲ. ಶುಕ್ರವಾರ ಅಡುಗೆಮನೆಯಲ್ಲಿ ಜೆಲಟಿನ್ ಕಾಯಿಸಿ, ದೊಡ್ಡ ತಟ್ಟೆಗಳಿಗೆ ಹೊಯ್ದು, ಫ್ರಿಜ್ಜಿನಲ್ಲಿ ಗಟ್ಟಿಮಾಡಿದೆ. ಗುಂಡು ಮೈಯೊಳಗೆ ಎಷ್ಟು ದೂರ ಹೋದೀತೆಂದು ತಿಳಿಯಲು ಮಾಂಸದ ಬದಲಿಗೆ ಇದು. ಪಕ್ಕದ ಹಾಯ್ಟ್, ಅದೇ ಬಂದೂಕು ರಿಪೇರಿಯ ಮುದುಕ, ತಟ್ಟೆಗಳನ್ನು ನೋಡಿ, "ಏನವ್ವಾ ಆರ್ಡಿತ್, ಯಾರ ಮದುವೆಗೆ ಇಷ್ಟೊಂದು ಸಿಹಿ?" ಅಂದ.

"ಸಕ್ಕರೆ ಹಾಕಿಲ್ಲ ಕಣಯ್ಯಾ, ಬಂದು ಎತ್ತು," ಅಂದೆ.

ಶನಿವಾರ ಬೆಳಿಗ್ಗೆ ಅವನ ಹೊಲದ ಹಿಂದಿನ ಮಣ್ಣುದಿಬ್ಬದ ಮುಂದೆ ಮೇಜು ಹಾಕಿದೆವು. ನಿನ್ನದೇ ಅಳತೆಯ ಅವನ ಪಿಸ್ತೂಲು, ಮೂರು ಇಂಚುದ್ದದ ನಳಿಗೆ. ಮೈಮೇಲಿನ ಉಡುಪಿನ ಲೆಕ್ಕಕ್ಕೆ ಜೆಲ್ಲಿಯ ಮುಂದೆ ನಾಲ್ಕು ಪದರ ಜೀನ್ಸ್ ಬಟ್ಟೆ ಕಟ್ಟಿದೆ. ಬಿಸಿಲು ಜೆಲ್ಲಿಯನ್ನು ಹಾದು ಮೇಜಿನ ಮೇಲೆ ಜೇನಿನ ಬಣ್ಣದಲ್ಲಿ ಹರಡಿತ್ತು. ಓಕ್ ಎಲೆಗಳು ಸದ್ದಿಲ್ಲದೆ ಉದುರುತ್ತಿದ್ದವು. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದರಿಂದ ಲೋಕವೆಲ್ಲ ನೀರಿನಡಿಯಲ್ಲಿ ಇದ್ದ ಹಾಗಿತ್ತು.

ಮೂರು ಬಗೆಯ ಗುಂಡು, ಒಂದೊಂದರಲ್ಲಿ ಐದು. ಮೊದಲನೆಯದು ಹಗುರ, ಬಲು ವೇಗ. ಮೂತಿಯ ಕುಳಿ ಬಿರಿದು, ತಾಮ್ರದ ದಳಗಳೆಲ್ಲ ಬಿಚ್ಚಿಕೊಂಡು, ಜೆಲ್ಲಿಯೊಳಗೆ ಹೂವಾಗಿ ನಿಂತಿತು. ಎಷ್ಟು ಚೆಂದವೆಂದರೆ ಹಾಯ್ಟ್ ಟೋಪಿ ತೆಗೆದ. ಆದರೆ ಹೋದದ್ದು ಒಂಬತ್ತೇ ಇಂಚು. ಕನಿಷ್ಠ ಹನ್ನೆರಡು ಬೇಕು. ಎರಡನೆಯದು ಭಾರದ್ದು. ಬಟ್ಟೆಯ ಚೂರು ಅದರ ಬಾಯಿಗೆ ತುಂಬಿಕೊಂಡು ಅರಳಲೇ ಇಲ್ಲ. ಪುಟ್ಟ ನಳಿಗೆಯಿಂದ ಅರಳುವಷ್ಟು ವೇಗ ಸಿಗುವುದಿಲ್ಲ. ಅರಳದ್ದು ಒಳಗೆ ನಿಲ್ಲುವುದಿಲ್ಲ; ಐದೂ ಜೆಲ್ಲಿಯನ್ನು ತೂರಿ, ಹಿಂದಿಟ್ಟ ನೀರಿನ ಕ್ಯಾನನ್ನೂ ತೂರಿ, ಮಣ್ಣಿಗೆ ಹೋದವು. ಮೂರನೆಯದು, ನೀಲಿ ಡಬ್ಬಿಯದು, ಅರ್ಧ ಬಿರಿದು ಹದಿಮೂರು ಇಂಚಿಗೆ ನಿಂತಿತು. ನಾಲ್ಕು ಸಲ ಹಾಗೇ. ಐದನೆಯದು ಅರಳದೆ ತೂರಿಹೋಯಿತು.

ಹಾಯ್ಟ್ ಹೇಳಿದ, "ಐದರಲ್ಲಿ ನಾಲ್ಕು! ಈ ಗಿಡ್ಡ ಮುಂಡೇದರಲ್ಲಿ ಇನ್ನೇನ್ ಬೇಕು ನಿನಗೆ?"

"ಆ ಐದನೇದು ಎಲ್ಲಿಗೆ ಹೋಯ್ತು ಅನ್ನೋದು ಬೇಕು," ಅಂದೆ. ಅವನು ದಿಬ್ಬದ ಮಣ್ಣು ಕೆದಕಲು ಹೋದ.

ಹಾಗಾಗಿ ಉತ್ತರ: ನೀಲಿ ಡಬ್ಬಿಯದು. ನಿನ್ನ ಪಿಸ್ತೂಲಿನಲ್ಲೇ ಐವತ್ತು ಹೊಡೆದು ನೋಡು; ಒಂದೂ ಸಿಕ್ಕಿಕೊಳ್ಳದಿದ್ದರೆ ಮಾತ್ರ ಜೊತೆಗೆ ಒಯ್ಯಿ. ಎದುರಿಗಿರುವವನ ಹಿಂದೆ ಏನಿದೆ ಎಂದು ನೋಡದೆ ಟ್ರಿಗರ್ ಮುಟ್ಟಬೇಡ.

ಇನ್ನೊಂದು ಮಾತು. ಕಾರು ನೀರಿನ ಮೇಲೆ ತೇಲಿಹೋಗುವ ಕನಸು ಬೀಳುತ್ತದೆ ಎಂದು ನೀನು ಚಿಕ್ಕಂದಿನಿಂದ ಹೇಳುತ್ತೀಯ. ಸುತ್ತ ಬಿಳಿ ಮಂಜು, ಮುಂದೆ ನಾನು, ಯಾರೂ ಮಾತಾಡುತ್ತಿರಲಿಲ್ಲ ಎಂದು. ಅದು ಕನಸಲ್ಲ ಮಗಳೇ. ಬುಲ್ ಶೋಲ್ಸ್ ಸರೋವರ ದಾಟಿಸುವ ದೋಣಿ ಅದು. ಕಾರುಗಳನ್ನೂ ಹೊತ್ತು ದಾಟಿಸುತ್ತದೆ. ಆಗ ನಿನಗೆ ನಾಲ್ಕು ವರ್ಷ. ನಿನ್ನ ಅಪ್ಪ ನಮ್ಮನ್ನು ಬಿಟ್ಟುಹೋದ ಎಂದು ಹೇಳುತ್ತ ಬಂದೆ. ನಾವೇ ಬಿಟ್ಟುಬಂದೆವು. ನನ್ನ ಮೇಲೆ ಅವನ ಕೈ ಏಳುತ್ತಿತ್ತು. ನಾನೂ ಏಪ್ರನ್ನಿನ ಜೇಬಿನಲ್ಲಿ ಇಂಥದೇ ಪುಟ್ಟದೊಂದನ್ನು ನಾಲ್ಕು ತಿಂಗಳು ಹೊತ್ತು ತಿರುಗಿದೆ. ಅದರ ಅಗತ್ಯವೇನೂ ಬೀಳಲಿಲ್ಲ. ದೋಣಿ ನಡುನೀರಿಗೆ ಬಂದಾಗ ಅದನ್ನು ಕೈಬಿಟ್ಟೆ. ಮಂಜಿನಲ್ಲಿ ನೀರು ಅದನ್ನು ಸದ್ದಿಲ್ಲದೆ ತೆಗೆದುಕೊಂಡಿತು.

ಬರುವ ಶುಕ್ರವಾರ ಹಾಯ್ಟ್‌ನ ಪಿಕಪ್ಪಿನಲ್ಲಿ ಟಲ್ಸಾಕ್ಕೆ, ನಿನ್ನ ಮನೆಗೆ ಬರುತ್ತೇನೆ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ತರುತ್ತೇನೆ. ಅಷ್ಟರಲ್ಲಿ ಕೋರ್ಟಿಗೆ ಹೋಗಿ, ಅವನು ಹತ್ತಿರ ಬಾರದಂತೆ ಆದೇಶ ಕೇಳು. ಇಲ್ಲಿ ಹಿಂದಿನ ಕೋಣೆಯ ಮಂಚಕ್ಕೆ ನಿನಗೆಂದು ಹೊಸ ಹೊದಿಕೆ ಹಾಸಿದ್ದೇನೆ. ಬರುವುದಿಲ್ಲ ಎಂದು ಹಟಮಾಡಿದರೆ ನಾನೂ ಅಲ್ಲೇ ಇರುತ್ತೇನೆ.

ನಿನ್ನನ್ನು ಎತ್ತಿಕೊಂಡೇ ಇರುವ,
ಅಮ್ಮ

ತಾ.ಕ.: ಕಾಗದ ಅಂಟಿಸಿ, ಮತ್ತೆ ಬಿಚ್ಚಿದೆ. ಅಗತ್ಯ ಬೀಳಲಿಲ್ಲ ಎಂದದ್ದು ಸುಳ್ಳು. ಹೊರಡುವ ಹಿಂದಿನ ಮಧ್ಯಾಹ್ನ ನಿನ್ನ ಅಪ್ಪ ನಡುಮನೆಯ ಕಡೆಯಿಂದ ಅಡುಗೆಮನೆಯ ಬಾಗಿಲು ಒದೆಯುತ್ತಿದ್ದಾಗ ನಾನು ಒಳಗಿನಿಂದ ಹೊಡೆದೆ, ಒಂದೇ ಸಲ. ಗುಂಡು ಬಾಗಿಲನ್ನು ತೂರಿ, ಅವನ ಪಕ್ಕೆಗೆ ತಾಗದೆ ಹಾದು, ಎದುರಿನ ಗೋಡೆಯನ್ನೂ ತೂರಿ, ನೀನು ಮಲಗಿದ್ದ ಕೋಣೆಯಲ್ಲಿ, ನಿನ್ನ ಮಂಚದ ತಲೆಯ ಕಡೆಯ ಕಾಲಿಗೆ ನಾಟಿತ್ತು. ನಿನ್ನ ತಲೆಯಿಂದ ಒಂದು ಗೇಣು. ಚಾಕುವಿನಿಂದ ಕಿತ್ತು ತೆಗೆದೆ; ಗುಂಡಿನ ಬಾಯಿ ತುಂಬ ಮರದ ಪುಡಿ, ಅರಳಿರಲೇ ಇಲ್ಲ. ಅವನು ಕೋಣೆಯ ಬಾಗಿಲಲ್ಲಿ ನಿಂತು ನೋಡಿ, ಮನೆಯಿಂದ ಹೊರಗೆ ಹೋದ. ನಿನಗೆ ಎಚ್ಚರವೇ ಆಗಿರಲಿಲ್ಲ. ನಿದ್ದೆಯಲ್ಲಿ ಯಾರಿಗೋ ನಗುತ್ತಿದ್ದೆ.