ಬೆಲ್ ತಾತನ ಗಂಟೆ

ಅಪ್ಪಾ,

ಜ್ವರದ ಕಾಟಕ್ಕೆ ಶಾಲೆ ಮುಚ್ಚಿ ಎರಡು ತಿಂಗಳಾಯಿತು. ಮಕ್ಕಳಿಗೆ ಈಗ ಫೋನಿನಲ್ಲೇ ಪಾಠ. ಇವತ್ತು ಪಾಠ ಮುಗಿದರೂ ಒಂದನೇ ಕ್ಲಾಸಿನ ಪುಟಾಣಿಯೊಬ್ಬಳು ಫೋನ್ ಇಡಲೇ ಇಲ್ಲ.

"ಬೆಲ್ ಆಗ್ದೆ ಹೇಗೆ ಏಳೋದು ಮಿಸ್?"

"ದಿನಾ ಇದೇ ಗೋಳು. ಊಟಕ್ಕೂ ಏಳಲ್ಲ, ನೀವೇ ಏನಾದ್ರೂ ಹೇಳಿ ಮೇಡಂ" ಎಂದರು ಅವಳಮ್ಮ.

ಮನೆಮನೆಗೆ ಹಂಚುವ ಪಾಠದ ಹಾಳೆಗಳನ್ನು ಜೋಡಿಸಲು ನಾನು ಶಾಲೆಗೆ ಬಂದಿದ್ದೆ. ಫೋನ್ ಹಿಡಿದುಕೊಂಡೇ ಖಾಲಿ ವರಾಂಡಕ್ಕೆ ನಡೆದೆ. ಬಿಸಿಲ ಕೋಲಿನಲ್ಲಿ ಸೀಮೆಸುಣ್ಣದ ಧೂಳು ನಿದ್ದೆಗಣ್ಣಿನಲ್ಲಿ ತೇಲುತ್ತಿತ್ತು. ಅದೇ ಜ್ವರ ನಿನ್ನನ್ನು ಒಯ್ದ ಮೇಲೆ ಯಾರೂ ಮುಟ್ಟದ ಗಂಟೆಯ ಸುತ್ತಿಗೆ ಮೊಳೆಯಲ್ಲೇ ನೇತಾಡುತ್ತಿತ್ತು. ನಿನ್ನ ಹಾಗೆಯೇ ಎರಡು ಸಲ ನಿಧಾನವಾಗಿ, ಒಂದು ಸಲ ಜೋರಾಗಿ ಹೊಡೆದೆ. ಆ ನಾದ ಬೀದಿ ದಾಟಿ, ಬಾಗಿಲು ಹಾಕಿದ ಮನೆಗಳೊಳಗೆಲ್ಲ ಇಳಿದು ಹೋದಂತಾಯಿತು.

"ಬೆಲ್ ತಾತ ಬಂದ್ಬಿಟ್ರಾ?" ಮಗು ಕುಣಿಯಿತು.

ಎಂಟು ವರ್ಷ ಒಂದೇ ಶಾಲೆಯಲ್ಲಿ ದುಡಿದೆವು. ಸ್ಟಾಫ್ ರೂಮಿನಲ್ಲಿ ಎಲ್ಲರಂತೆ ನಾನೂ ನಿನ್ನನ್ನು "ಅಟೆಂಡರ್" ಎಂದೇ ಕರೆದೆ. ನೀನೂ "ಬಂದೆ ಮೇಡಂ" ಎನ್ನುತ್ತಿದ್ದೆ.

"ಇಲ್ಲ ಪುಟ್ಟಿ, ಹೊಡೆದಿದ್ದು ನಾನು" ಎಂದೆ. "ತಾತನ ಮಗಳು."