ಬೈರಣ್ಣನ ಮನೆಯಲ್ಲಿಟ್ಟ ಮಂಚ

ಜೂನ್ ೧೨, ಗುರುವಾರ

ಶ್ರೀಲಂಕಾದಿಂದ ದತ್ತು ಬರಬೇಕಾದ ಮೊಮ್ಮಗಳ ವೀಸಾಕ್ಕೆ ಮನೆ ನೋಡಲು ಇವತ್ತು ಆಫೀಸರಮ್ಮ ಬಂದಿದ್ದರು.

"ಮಗು ಎಲ್ಲಿ ಮಲಗುತ್ತೆ? ಏನೂ ತಂದೇ ಇಲ್ವಲ್ಲ!"

ಮಗಳು ಕಲ್ಯಾಣಿಯ ಮುಖ ಬಾಡಿತು. ಮಗು ಬರುವ ಮುಂಚೆ ಒಂದು ಗಿಲಕಿ ತಂದರೂ ಅಪಶಕುನ ಅಂತ ನನ್ನ ಹೆಂಡತಿ ಸಪ್ಪಲಮ್ಮನ ಕಟ್ಟಪ್ಪಣೆ.

"ಬನ್ನಿ ಮೇಡಂ, ನಮ್ಮನೆ ಸ್ವಲ್ಪ ಪಕ್ಕದ್ಮನೇಲೂ ಇದೆ" ಅಂತ ಬೈರಣ್ಣನ ಮನೆಗೆ ಕರೆದೊಯ್ದೆ. ಪುಟ್ಟ ಮಂಚ, ಎರಡು ಫ್ರಾಕು, ಕೀಲಿ ಕೊಟ್ಟರೆ ಲಾಗ ಹಾಕುವ ಕೋತಿ. ಮೂರು ತಿಂಗಳಿಂದ ಕದ್ದುಮುಚ್ಚಿ ಸೇರಿಸಿದ್ದೆ.

"ಇವ್ಳು ನಮ್ಮನೆಗೆ ತರ್ಬೇಡಿ ಅಂದ್ಲು. ಬೈರಣ್ಣನ ಮನೆಗೆ ಬೇಡ ಅನ್ಲಿಲ್ಲ."

ಮೇಡಂ ನಗುತ್ತಲೇ 'ಸಿದ್ಧತೆ ತೃಪ್ತಿಕರ' ಅಂತ ಬರೆದರು. ಕಲ್ಯಾಣಿ ಗೋಡೆಗೊರಗಿ ಅತ್ತುಬಿಟ್ಟಳು.

ಮಂಚದ ಮೇಲೊಂದು ಪುಟ್ಟ ದುಪ್ಪಟಿ ಇತ್ತು. ಅದು ನಾನಿಟ್ಟದ್ದಲ್ಲ. ಸಪ್ಪಲಮ್ಮನ ಹಳೇ ಸೀರೆಯಿಂದ ಹೊಲಿದದ್ದು. ತಿರುಗಿ ನೋಡಿದರೆ ಅವಳು ಬೈರಣ್ಣನ ಕ್ಯಾಲೆಂಡರ್ ಓದುತ್ತಿದ್ದಳು. ಅವಳ ಕನ್ನಡಕ ಮಾತ್ರ ನಮ್ಮನೆಯಲ್ಲೇ ಇತ್ತು.